ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್

ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್ (ಅಕ್ಟೋಬರ್ 18, 1836 – ಆಗಸ್ಟ್ 3, 1932) ಅವರು ಇಂಗ್ಲೆಂಡಿನಲ್ಲಿ ಜನಿಸಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ಪತ್ರಕರ್ತೆ, ಪತ್ರಿಕೋದ್ಯಮಿ ಮತ್ತು ದಾನಿ. ಸಹೋದರರು ಆರಂಭಿಸಿದ ಅಗ್ಗದ ಬೆಲೆಯ ದಿನಪತ್ರಿಕೆಗಳಲ್ಲಿ ದುಡಿದು, ಅವುಗಳಲ್ಲಿ ತಮ್ಮ ಉಳಿತಾಯವನ್ನು ತೊಡಗಿಸಿ ಸಂಪತ್ತನ್ನು ಗಳಿಸಿದ ಇವರು, ಬದುಕಿನ ಕೊನೆಯ ಮೂರು ದಶಕಗಳಲ್ಲಿ ಅದರ ಬಹುಭಾಗವನ್ನು ಶಿಕ್ಷಣ, ವಿಜ್ಞಾನ ಮತ್ತು ಸಾರ್ವಜನಿಕ ಆರೋಗ್ಯಕ್ಕೆ ವಿನಿಯೋಗಿಸಿದರು. ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆ ಮತ್ತು ಸ್ಕ್ರಿಪ್ಸ್ ಮಹಿಳಾ ಕಾಲೇಜು ಇವರ ಹೆಸರನ್ನು ಉಳಿಸಿರುವ ಸಂಸ್ಥೆಗಳಲ್ಲಿ ಪ್ರಮುಖವಾದವು. ಹಲವು ಸಣ್ಣ ಕಾಲೇಜುಗಳು ತಮ್ಮ ಸ್ವಾತಂತ್ರ್ಯವನ್ನು ಬಿಟ್ಟುಕೊಡದೆ ಗ್ರಂಥಾಲಯ, ಸಭಾಂಗಣ, ಬೋಧನೆ ಮುಂತಾದವನ್ನು ಹಂಚಿಕೊಳ್ಳುವ ಕ್ಲೇರ್‌ಮಾಂಟ್ ಕಾಲೇಜುಗಳ ಒಕ್ಕೂಟವು 1925ರಲ್ಲಿ ರೂಪುಗೊಳ್ಳಲು ಇವರು ಖರೀದಿಸಿ ಕೊಟ್ಟ ಭೂಮಿಯೇ ಆಧಾರವಾಯಿತು.

ಜನನ ಮತ್ತು ಬಾಲ್ಯ

ಎಲೆನ್ ಅವರು ಲಂಡನ್ ನಗರದ ಸೌತ್ ಮೋಲ್ಟನ್ ಬೀದಿಯಲ್ಲಿ ಜನಿಸಿದರು. ತಂದೆ ಜೇಮ್ಸ್ ಮಾಗ್ ಸ್ಕ್ರಿಪ್ಸ್ ಪುಸ್ತಕಗಳಿಗೆ ರಟ್ಟು ಕಟ್ಟುವ ಕುಶಲಕರ್ಮಿ. ತಾಯಿ ಎಲೆನ್ ಮೇರಿ ಸಾಂಡರ್ಸ್ ಅವರು 1841ರಲ್ಲಿ ತೀರಿಕೊಂಡಾಗ ಮಗಳಿಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಪತ್ನಿಯ ಮರಣದ ನಂತರ ವೃತ್ತಿಯಲ್ಲಿಯೂ ನಷ್ಟವನ್ನು ಅನುಭವಿಸಿದ ತಂದೆಯು 1844ರಲ್ಲಿ ಆರು ಮಕ್ಕಳೊಂದಿಗೆ ಅಟ್ಲಾಂಟಿಕ್ ಸಾಗರವನ್ನು ದಾಟಿ, ಸಂಬಂಧಿಕರು ಈಗಾಗಲೇ ನೆಲೆಸಿದ್ದ ಇಲಿನಾಯ್ ರಾಜ್ಯದ ರಷ್‌ವಿಲ್ ಎಂಬ ಊರನ್ನು ಸೇರಿದರು. ಅಲ್ಲಿ ಅವರು ಕೃಷಿಯನ್ನು ಅವಲಂಬಿಸಿದರು ಮತ್ತು ಜೂಲಿಯಾ ಆಸ್ಬಾರ್ನ್ ಎಂಬುವರನ್ನು ವಿವಾಹವಾದರು. ಈ ದಾಂಪತ್ಯದಲ್ಲಿ ಇನ್ನೂ ಐದು ಮಕ್ಕಳು ಜನಿಸಿದರು. ಅವರಲ್ಲಿ ಕೊನೆಯವರಾದ ಎಡ್ವರ್ಡ್ ವಿಲ್ಲಿಸ್ ಸ್ಕ್ರಿಪ್ಸ್ ಮುಂದೆ ಅಮೆರಿಕದ ದೊಡ್ಡ ಪತ್ರಿಕಾ ಸಮೂಹವೊಂದರ ಒಡೆಯರಾದರು.

ಎಡ್ವರ್ಡ್ ಅವರಿಗಿಂತ ಎಲೆನ್ ಹದಿನೆಂಟು ವರ್ಷ ಹಿರಿಯರು. ಮನೆಯ ಕಿರಿಯ ಮಕ್ಕಳ ಪಾಲನೆ ಮತ್ತು ಪಾಠದ ಹೊಣೆ ಬಹುಮಟ್ಟಿಗೆ ಇವರ ಮೇಲೆಯೇ ಬಿದ್ದಿತು. ಓದು ಕಲಿಸಿದ ಅಕ್ಕನೊಂದಿಗೆ ಎಡ್ವರ್ಡ್ ಅವರಿಗೆ ಬೆಳೆದ ಆಪ್ತತೆಯು ಜೀವನಪರ್ಯಂತ ಉಳಿಯಿತು. ಇಬ್ಬರ ಆರ್ಥಿಕ ವ್ಯವಹಾರಗಳಿಗೂ ಈ ನಂಬಿಕೆಯೇ ತಳಹದಿಯಾಯಿತು.

ಶಿಕ್ಷಣ

ಶಾಲಾ ಶಿಕ್ಷಕಿಯಾಗಿ ದುಡಿದು ಉಳಿಸಿದ ಹಣದಿಂದ ಎಲೆನ್ ಅವರು ಗೇಲ್ಸ್‌ಬರ್ಗ್ ಪಟ್ಟಣದ ನಾಕ್ಸ್ ಕಾಲೇಜನ್ನು ಸೇರಿದರು. 1837ರಲ್ಲಿ ಗುಲಾಮಗಿರಿಯ ವಿರೋಧಿಗಳು ಸ್ಥಾಪಿಸಿದ್ದ ಈ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜು ಮಹಿಳೆಯರಿಗಾಗಿ ಪ್ರತ್ಯೇಕ ವಿಭಾಗವನ್ನು ತೆರೆದಿತ್ತು. ಮಹಿಳೆಯರಿಗೆ ಉನ್ನತ ಶಿಕ್ಷಣದ ಬಾಗಿಲು ತೆರೆದಿದ್ದ ಸಂಸ್ಥೆಗಳು ಆಗ ಇಡೀ ದೇಶದಲ್ಲಿ ಕೆಲವೇ ಇದ್ದವು. ಎಲೆನ್ ಅವರ ವಿದ್ಯಾರ್ಥಿ ದೆಸೆಯಲ್ಲಿಯೇ, 1858ರ ಅಕ್ಟೋಬರ್ 7ರಂದು, ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ಅವರ ಐದನೆಯ ಬಹಿರಂಗ ಚರ್ಚೆಯು ಈ ಕಾಲೇಜಿನ ಕಟ್ಟಡದ ಮುಂದೆ ನಡೆಯಿತು. 1859ರಲ್ಲಿ ಇವರು ವ್ಯಾಸಂಗವನ್ನು ಪೂರ್ಣಗೊಳಿಸಿದರು. ಸ್ಕ್ರಿಪ್ಸ್ ಮನೆತನದ ಈ ಪೀಳಿಗೆಯಲ್ಲಿ ಕಾಲೇಜು ಶಿಕ್ಷಣವನ್ನು ಮುಗಿಸಿದ್ದು ಇವರೊಬ್ಬರೇ ಎಂಬುದು ಗಮನಾರ್ಹ.

ಪುರುಷರ ಪಠ್ಯಕ್ರಮದ ಪಕ್ಕದಲ್ಲಿ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದ್ದ ಮಹಿಳಾ ವಿಭಾಗದಲ್ಲಿ ಕಲಿತ ಈ ಅನುಭವವು ಅವರ ಮುಂದಿನ ಜೀವನದ ಹಿನ್ನೆಲೆಯಲ್ಲಿ ಮಹತ್ವ ಪಡೆಯುತ್ತದೆ. ಸುಮಾರು ಏಳು ದಶಕಗಳ ನಂತರ ಇವರು ಸ್ಥಾಪಿಸಿದ ಮಹಿಳಾ ಕಾಲೇಜು ಇನ್ನೊಂದು ಕಾಲೇಜಿನ ವಿಭಾಗವಾಗಿರಲಿಲ್ಲ. ನೆರೆಯ ಸಂಸ್ಥೆಯೊಂದಿಗೆ ಸಮಾನ ಸ್ಥಾನವನ್ನು ಪಡೆದ ಸ್ವತಂತ್ರ ಸಂಸ್ಥೆ ಅದಾಗಿತ್ತು.

ಪತ್ರಿಕೋದ್ಯಮ

ವ್ಯಾಸಂಗದ ನಂತರ ಎಲೆನ್ ಅವರು ಮತ್ತೆ ಶಿಕ್ಷಕಿಯಾಗಿ ಹಲವು ವರ್ಷ ಕೆಲಸ ಮಾಡಿದರು. 1860ರ ದಶಕದ ಉತ್ತರಾರ್ಧದಲ್ಲಿ ಅಣ್ಣ ಜೇಮ್ಸ್ ಎಡ್ಮಂಡ್ ಸ್ಕ್ರಿಪ್ಸ್ ಅವರ ಕರೆಯ ಮೇರೆಗೆ ಡೆಟ್ರಾಯಿಟ್ ನಗರಕ್ಕೆ ತೆರಳಿ ಅವರ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದರು. ಅನಂತರ ಅಸ್ವಸ್ಥರಾಗಿದ್ದ ತಂದೆಯ ಶುಶ್ರೂಷೆಗಾಗಿ ರಷ್‌ವಿಲ್‌ಗೆ ಮರಳಿ, 1873ರಲ್ಲಿ ತಂದೆಯ ಮರಣದವರೆಗೂ ಅಲ್ಲಿಯೇ ಇದ್ದರು.

ಅದೇ ವರ್ಷ ಜೇಮ್ಸ್ ಅವರು ಡೆಟ್ರಾಯಿಟ್‌ನಲ್ಲಿ ಈವ್ನಿಂಗ್ ನ್ಯೂಸ್ ಎಂಬ ಸಂಜೆ ಪತ್ರಿಕೆಯನ್ನು ಆರಂಭಿಸಿದರು. ಇತರ ಪತ್ರಿಕೆಗಳಿಗಿಂತ ಕಡಿಮೆ ಬೆಲೆ, ಚಿಕ್ಕ ಪುಟ ಮತ್ತು ಚುಟುಕಾದ ಸುದ್ದಿಗಳು ಇದರ ವೈಶಿಷ್ಟ್ಯ. ಕಾರ್ಖಾನೆಯ ಕೆಲಸಗಾರರೂ ಕೊಂಡು ಓದಬಲ್ಲ ಪತ್ರಿಕೆಯನ್ನು ನೀಡುವುದು ಇದರ ಗುರಿಯಾಗಿತ್ತು. ಎಲೆನ್ ಅವರು ಇಲ್ಲಿ ಕರಡು ತಿದ್ದಿದರು, ಬೇರೆಡೆಯಿಂದ ಬಂದ ದೀರ್ಘ ವರದಿಗಳನ್ನು ಸಂಕ್ಷೇಪಿಸಿದರು ಮತ್ತು ಬಗೆಬಗೆಯ ವಿಷಯಗಳನ್ನು ಒಳಗೊಂಡ ಅಂಕಣವೊಂದನ್ನು ಸಿದ್ಧಪಡಿಸಿದರು. ಹೀಗೆ ಆಯ್ದ ಕಿರುಬರಹಗಳು ಮುಂದೆ ಸ್ಕ್ರಿಪ್ಸ್ ಸಮೂಹದ ಇತರ ಪತ್ರಿಕೆಗಳಿಗೂ ಒದಗಿದವು. ಪತ್ರಿಕೆಗಳ ನಡುವೆ ಬರಹಗಳನ್ನು ಹಂಚಿಕೊಳ್ಳುವ ಪದ್ಧತಿಯು ಆ ಸಮೂಹದ ಬೆಳವಣಿಗೆಗೆ ನೆರವಾಯಿತು.

1878ರಲ್ಲಿ ಎಡ್ವರ್ಡ್ ಅವರು ಕ್ಲೀವ್‌ಲೆಂಡ್ ನಗರದಲ್ಲಿ ಪೆನ್ನಿ ಪ್ರೆಸ್ ಎಂಬ ಪತ್ರಿಕೆಯನ್ನು ಹೊರತಂದಾಗ ಎಲೆನ್ ಅವರು ತಮ್ಮ ಉಳಿತಾಯವನ್ನು ಅದರಲ್ಲಿ ತೊಡಗಿಸಿದರು. ನಂತರದ ವರ್ಷಗಳಲ್ಲಿ ಸಹೋದರರ ನಡುವೆ ಆಡಳಿತದ ವಿಚಾರದಲ್ಲಿ ತೀವ್ರ ಭಿನ್ನಾಭಿಪ್ರಾಯಗಳು ತಲೆದೋರಿದಾಗಲೂ ಅವರು ಎಡ್ವರ್ಡ್ ಅವರ ಪರವಾಗಿ ನಿಂತರು. 1881ರಿಂದ ಈ ಇಬ್ಬರೂ ಯೂರೋಪ್ ಮತ್ತು ಉತ್ತರ ಆಫ್ರಿಕಾಗಳಲ್ಲಿ ದೀರ್ಘ ಪ್ರವಾಸ ಕೈಗೊಂಡರು. ಆ ಪ್ರವಾಸದಿಂದ ಎಲೆನ್ ಕಳುಹಿಸಿದ ಪತ್ರರೂಪದ ಬರಹಗಳು ಡೆಟ್ರಾಯಿಟ್‌ನ ಪತ್ರಿಕೆಯಲ್ಲಿ ಪ್ರಕಟವಾದವು.

ಕ್ಯಾಲಿಫೋರ್ನಿಯಾ

1890ರ ದಶಕದ ಆರಂಭದಲ್ಲಿ ಎಲೆನ್ ಅವರು ಎಡ್ವರ್ಡ್ ಅವರೊಂದಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಪ್ರದೇಶಕ್ಕೆ ಬಂದರು. ನಗರದ ಹೊರವಲಯದಲ್ಲಿ ಮಿರಮಾರ್ ಎಂಬ ವಿಶಾಲ ಎಸ್ಟೇಟನ್ನು ಕುಟುಂಬವು ಅಭಿವೃದ್ಧಿಪಡಿಸಿತು. 1896ರಲ್ಲಿ ಎಲೆನ್ ಅವರು ಲಾ ಹೋಯಾ ಎಂಬ ಕಡಲತೀರದ ಹಳ್ಳಿಯಲ್ಲಿ ನಿವೇಶನವನ್ನು ಕೊಂಡು, ತಂಗಿ ವರ್ಜೀನಿಯಾ ಅವರೊಂದಿಗೆ ವಾಸಿಸಲು ಮನೆ ಕಟ್ಟಿಸಿದರು. ತಾವು ಹುಟ್ಟಿದ ಬೀದಿಯ ನೆನಪಿಗಾಗಿ ಅದಕ್ಕೆ ಸೌತ್ ಮೋಲ್ಟನ್ ವಿಲ್ಲಾ ಎಂದು ಹೆಸರಿಟ್ಟರು. ಇವರು ವಿವಾಹವಾಗಲಿಲ್ಲ. ಕೊನೆಯವರೆಗೂ ಲಾ ಹೋಯಾ ಅವರ ಊರಾಗಿ ಉಳಿಯಿತು.

1900ರಲ್ಲಿ ಸಹೋದರ ಜಾರ್ಜ್ ಸ್ಕ್ರಿಪ್ಸ್ ನಿಧನರಾದರು. ಅವರ ಆಸ್ತಿಯಲ್ಲಿ ದೊಡ್ಡ ಪಾಲು ಎಲೆನ್ ಅವರಿಗೆ ಸಲ್ಲಬೇಕಿತ್ತು. ಮರಣಶಾಸನದ ಸುತ್ತ ನ್ಯಾಯಾಲಯದಲ್ಲಿ ವರ್ಷಗಳ ಕಾಲ ವ್ಯಾಜ್ಯ ನಡೆಯಿತು. ಪತ್ರಿಕೆಗಳ ಷೇರುಗಳಿಂದ ಬರುತ್ತಿದ್ದ ಲಾಭದೊಂದಿಗೆ ಈ ಆಸ್ತಿಯೂ ಸೇರಿದಾಗ ಎಲೆನ್ ಅವರು ಶ್ರೀಮಂತರಾದರು. ಆದರೆ ಅವರ ದಿನಚರಿ ಬದಲಾಗಲಿಲ್ಲ. ಸರಳ ಉಡುಪು, ಮಿತವ್ಯಯ, ಓದು ಮತ್ತು ದಿನಚರಿಯ ಪುಸ್ತಕದಲ್ಲಿ ಚಿಕ್ಕ ಟಿಪ್ಪಣಿಗಳನ್ನು ಬರೆಯುವ ರೂಢಿಗಳು ವೃದ್ಧಾಪ್ಯದವರೆಗೂ ಮುಂದುವರಿದವು.

1915ರಲ್ಲಿ ಉದ್ದೇಶಪೂರ್ವಕವಾಗಿ ಹಚ್ಚಿದ ಬೆಂಕಿಯಿಂದ ಅವರ ಮನೆ ನಾಶವಾಯಿತು. ಅದೇ ಸ್ಥಳದಲ್ಲಿ ವಾಸ್ತುಶಿಲ್ಪಿ ಅರ್ವಿಂಗ್ ಗಿಲ್ ಅವರಿಂದ ಬೆಂಕಿಯನ್ನು ತಡೆಯಬಲ್ಲ ಕಾಂಕ್ರೀಟ್ ಮನೆಯನ್ನು ಕಟ್ಟಿಸಿದರು. ಆ ಮನೆಯನ್ನು ಒಳಗೊಂಡ ಕಟ್ಟಡವೇ ಇಂದು ಸ್ಯಾನ್ ಡಿಯೇಗೊ ಸಮಕಾಲೀನ ಕಲಾ ಸಂಗ್ರಹಾಲಯವಾಗಿದೆ.

ವಿಜ್ಞಾನ ಮತ್ತು ಸಾರ್ವಜನಿಕ ದಾನಗಳು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ವಿಲಿಯಂ ರಿಟ್ಟರ್ ಅವರು ಕಡಲ ಜೀವಿಗಳ ಅಧ್ಯಯನಕ್ಕೆ ಶಾಶ್ವತ ಪ್ರಯೋಗಾಲಯವನ್ನು ಹುಡುಕುತ್ತಿದ್ದಾಗ, 1903ರಲ್ಲಿ ಸ್ಯಾನ್ ಡಿಯೇಗೊ ಕಡಲ ಜೀವವಿಜ್ಞಾನ ಸಂಘವು ಸ್ಥಾಪನೆಯಾಯಿತು. ಎಲೆನ್ ಮತ್ತು ಎಡ್ವರ್ಡ್ ಇದರ ಮುಖ್ಯ ಪೋಷಕರಾದರು. ಲಾ ಹೋಯಾದ ಉತ್ತರಕ್ಕೆ ಕಡಲತೀರದಲ್ಲಿ ಭೂಮಿ, ಕಟ್ಟಡ, ರಸ್ತೆ ಮತ್ತು ಸಮುದ್ರದೊಳಕ್ಕೆ ಚಾಚಿದ ಕಟ್ಟೆಗಾಗಿ ಇವರ ಹಣ ಒದಗಿತು. ಈ ಕೇಂದ್ರವು 1912ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು ಮತ್ತು 1925ರಲ್ಲಿ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆ ಎಂಬ ಹೆಸರನ್ನು ಪಡೆಯಿತು.

ಇವರ ನೆರವು ಪಡೆದ ಇತರ ಕಾರ್ಯಗಳಲ್ಲಿ ಈ ಕೆಳಗಿನವು ಮುಖ್ಯವಾದವು:

1909ರಲ್ಲಿ ಸ್ಥಾಪನೆಯಾದ ಬಿಷಪ್ಸ್ ಶಾಲೆ;
ಲಾ ಹೋಯಾದ ಮಹಿಳಾ ಸಂಘದ ಕಟ್ಟಡ, ಸಾರ್ವಜನಿಕ ಆಟದ ಮೈದಾನ ಮತ್ತು ಸಮುದಾಯ ಭವನ;
ಅಪರೂಪದ ಟಾರಿ ಪೈನ್ ಮರಗಳು ಬೆಳೆಯುವ ಭೂಮಿಯನ್ನು ಖರೀದಿಸಿ ಸಂರಕ್ಷಿಸಿದ್ದು;
ಸ್ಯಾನ್ ಡಿಯೇಗೊ ಮೃಗಾಲಯದ ಆರಂಭಿಕ ಅಭಿವೃದ್ಧಿ;
1924ರಲ್ಲಿ ಆರಂಭವಾದ ಸ್ಕ್ರಿಪ್ಸ್ ಸ್ಮಾರಕ ಆಸ್ಪತ್ರೆ ಮತ್ತು ಸ್ಕ್ರಿಪ್ಸ್ ಚಯಾಪಚಯ ಚಿಕಿತ್ಸಾಲಯ;
1931ರಲ್ಲಿ ಮಕ್ಕಳು ಅಲೆಗಳ ಭಯವಿಲ್ಲದೆ ಈಜಲೆಂದು ಲಾ ಹೋಯಾದ ತೀರದಲ್ಲಿ ಕಟ್ಟಿಸಿದ ತಡೆಗೋಡೆ.

ಮಹಿಳೆಯರ ಮತದಾನದ ಹಕ್ಕಿನ ಹೋರಾಟವನ್ನೂ ಇವರು ಬೆಂಬಲಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಈ ಹಕ್ಕು 1911ರಲ್ಲಿ ದೊರೆತಾಗ ಅವರಿಗೆ 74 ವರ್ಷ ವಯಸ್ಸಾಗಿತ್ತು.

ಕ್ಲೇರ್‌ಮಾಂಟ್ ಯೋಜನೆಯ ಹಿನ್ನೆಲೆ

ಲಾಸ್ ಏಂಜಲೀಸ್ ನಗರದ ಪೂರ್ವಕ್ಕೆ, ಸ್ಯಾನ್ ಗೇಬ್ರಿಯಲ್ ಪರ್ವತಗಳ ತಪ್ಪಲಿನಲ್ಲಿರುವ ಕ್ಲೇರ್‌ಮಾಂಟ್ ಎಂಬ ಊರಿನಲ್ಲಿ ಪೊಮೋನಾ ಕಾಲೇಜು ಇತ್ತು. ಕಾಂಗ್ರಿಗೇಷನಲ್ ಪಂಥದ ಕ್ರೈಸ್ತರು 1887ರಲ್ಲಿ ಸ್ಥಾಪಿಸಿದ ಈ ಸಹಶಿಕ್ಷಣ ಕಾಲೇಜಿಗೆ 1910ರಿಂದ ಜೇಮ್ಸ್ ಬ್ಲೇಸ್‌ಡೆಲ್ ಅಧ್ಯಕ್ಷರಾಗಿದ್ದರು. ಇವರು ವಿಸ್ಕಾನ್ಸಿನ್ ರಾಜ್ಯದ ಬೆಲಾಯಿಟ್ ಕಾಲೇಜಿನಲ್ಲಿ ಕಲಿತು, ಅಲ್ಲಿಯೇ ಅಧ್ಯಾಪಕರಾಗಿದ್ದವರು.

ಮೊದಲನೆಯ ಮಹಾಯುದ್ಧದ ನಂತರ ದಕ್ಷಿಣ ಕ್ಯಾಲಿಫೋರ್ನಿಯಾದ ಜನಸಂಖ್ಯೆಯು ಅತ್ಯಂತ ವೇಗವಾಗಿ ಏರಿತು. 1920ರಲ್ಲಿ ಸುಮಾರು 5.77 ಲಕ್ಷ ಇದ್ದ ಲಾಸ್ ಏಂಜಲೀಸ್ ನಗರದ ಜನಸಂಖ್ಯೆಯು 1930ರ ವೇಳೆಗೆ 12.38 ಲಕ್ಷವನ್ನು ತಲುಪಿತು. ಕಾಲೇಜು ಪ್ರವೇಶವನ್ನು ಬಯಸುವವರ ಸಂಖ್ಯೆಯೂ ಅದಕ್ಕೆ ತಕ್ಕಂತೆ ಹೆಚ್ಚಿತು. ಇದರಿಂದ ಪೊಮೋನಾ ಕಾಲೇಜು ಕಠಿಣವಾದ ಆಯ್ಕೆಯೊಂದನ್ನು ಎದುರಿಸಿತು. ಎಲ್ಲರಿಗೂ ಪ್ರವೇಶ ಕೊಟ್ಟರೆ ಅದು ದೊಡ್ಡ ವಿಶ್ವವಿದ್ಯಾಲಯವಾಗಿ, ಅಧ್ಯಾಪಕರು ಪ್ರತಿಯೊಬ್ಬ ವಿದ್ಯಾರ್ಥಿಯನ್ನು ಹೆಸರಿನಿಂದ ಬಲ್ಲ ವಾತಾವರಣವನ್ನು ಕಳೆದುಕೊಳ್ಳುತ್ತಿತ್ತು. ಸಂಖ್ಯೆಯನ್ನು ಮಿತಿಗೊಳಿಸಿದರೆ ಉತ್ತಮ ಗ್ರಂಥಾಲಯ, ಪ್ರಯೋಗಾಲಯ ಮತ್ತು ವಿಶೇಷ ವಿಷಯಗಳ ಅಧ್ಯಾಪಕರನ್ನು ಹೊಂದುವಷ್ಟು ಆದಾಯ ಒಂದು ಸಣ್ಣ ಕಾಲೇಜಿಗೆ ದೊರೆಯುತ್ತಿರಲಿಲ್ಲ.

ಬ್ಲೇಸ್‌ಡೆಲ್ ಅವರು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಮೂರನೆಯ ದಾರಿಯೊಂದನ್ನು ಸೂಚಿಸಿದರು. ಒಂದು ಕಾಲೇಜನ್ನು ಹಿಗ್ಗಿಸುವುದಕ್ಕೆ ಬದಲಾಗಿ, ಅದರ ಪಕ್ಕದಲ್ಲಿಯೇ ಹೊಸ ಸಣ್ಣ ಕಾಲೇಜುಗಳನ್ನು ಒಂದೊಂದಾಗಿ ಸ್ಥಾಪಿಸುವುದು, ಪ್ರತಿಯೊಂದೂ ತನ್ನದೇ ಆದ ಸ್ವಭಾವವನ್ನು ಬೆಳೆಸಿಕೊಳ್ಳುವುದು, ಒಂಟಿಯಾಗಿ ಭರಿಸಲಾಗದ ವೆಚ್ಚಗಳನ್ನು ಎಲ್ಲವೂ ಕೂಡಿ ಭರಿಸುವುದು ಈ ಯೋಜನೆಯ ತಿರುಳು. ಇದು ಗುಂಪು ಯೋಜನೆ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಭೂಮಿಯ ಖರೀದಿ

ಈ ಯೋಜನೆಯ ಯಶಸ್ಸು ಮೊದಲಿಗೆ ಭೂಮಿಯನ್ನು ಅವಲಂಬಿಸಿತ್ತು. ಕ್ಲೇರ್‌ಮಾಂಟ್ ಸುತ್ತಲಿನ ಜಮೀನು ಮನೆ ಮತ್ತು ತೋಟಗಳಿಗಾಗಿ ಮಾರಾಟವಾಗಿಬಿಟ್ಟರೆ ಮುಂದೆ ಬರಬೇಕಾದ ಕಾಲೇಜುಗಳಿಗೆ ಸ್ಥಳವೇ ಉಳಿಯುತ್ತಿರಲಿಲ್ಲ. ಇನ್ನೂ ಹುಟ್ಟದ ಕಾಲೇಜುಗಳಿಗಾಗಿ, ಅವುಗಳ ಹೆಸರಾಗಲಿ ಸ್ವರೂಪವಾಗಲಿ ತಿಳಿಯುವ ಮೊದಲೇ, ಜಮೀನನ್ನು ಕಾಯ್ದಿರಿಸಬೇಕಿತ್ತು. 1923ರ ಅಕ್ಟೋಬರ್ ತಿಂಗಳಿನಲ್ಲಿ ಬ್ಲೇಸ್‌ಡೆಲ್ ಅವರು ಈ ವಿಚಾರವನ್ನು ವಿವರಿಸಿ ಎಲೆನ್ ಸ್ಕ್ರಿಪ್ಸ್ ಅವರಿಗೆ ಪತ್ರ ಬರೆದರು. ಆ ತಿಂಗಳು ಎಲೆನ್ ಅವರಿಗೆ 87 ವರ್ಷ ತುಂಬಿತು.

ಎಲೆನ್ ಅವರು ಯೋಜನೆಗೆ ಸಮ್ಮತಿಸಿ, ಪೊಮೋನಾ ಕಾಲೇಜಿನ ಆವರಣದ ಉತ್ತರಕ್ಕೆ ಸುಮಾರು 250 ಎಕರೆ ಭೂಮಿಯ ಖರೀದಿಗೆ ಹಣ ನೀಡಿದರು. ತಾವು ಸ್ಥಾಪಿಸಲಿದ್ದ ಮಹಿಳಾ ಕಾಲೇಜಿಗೆ ಇಷ್ಟು ಜಮೀನು ಬೇಕಿರಲಿಲ್ಲ. ಅದರ ಬಹುಭಾಗವು ತಮ್ಮ ಜೀವಿತಕಾಲದ ನಂತರ ಬರಬಹುದಾದ ಸಂಸ್ಥೆಗಳಿಗೆ ಮೀಸಲಾಗಿತ್ತು. ದಾನಿಯ ಹೆಸರನ್ನು ಹೊತ್ತ ಒಂದು ಕಾಲೇಜಿಗೆ ಹಣ ಕೊಡುವುದು ಅಂದಿಗೆ ವಾಡಿಕೆಯಾಗಿತ್ತು. ಹೆಸರೇ ಇಲ್ಲದ ಕಾಲೇಜುಗಳಿಗಾಗಿ ಭೂಮಿಯನ್ನು ಕೊಂಡಿಡುವುದು ಅಪರೂಪವಾಗಿತ್ತು. ಇವರ ಇತರ ದಾನಗಳಿಗಿಂತ ಇದು ಭಿನ್ನವಾಗಿರುವುದು ಈ ಕಾರಣದಿಂದ.

ಒಕ್ಕೂಟದ ರಚನೆ

1925ರ ಅಕ್ಟೋಬರ್ 14ರಂದು ಕ್ಲೇರ್‌ಮಾಂಟ್ ಕಾಲೇಜುಗಳು ಎಂಬ ಕೇಂದ್ರ ಸಂಸ್ಥೆಯು ಕಾನೂನುಬದ್ಧವಾಗಿ ನೋಂದಣಿಯಾಯಿತು. ಪೊಮೋನಾ ಕಾಲೇಜು ಸ್ಥಾಪನೆಯಾದ ದಿನಾಂಕವೂ ಅಕ್ಟೋಬರ್ 14 ಆಗಿತ್ತು. ಹೊಸ ವ್ಯವಸ್ಥೆಯಲ್ಲಿ ಹೊಣೆಗಳನ್ನು ಎರಡು ಭಾಗಗಳಾಗಿ ವಿಂಗಡಿಸಲಾಯಿತು.

ಪ್ರತಿಯೊಂದು ಕಾಲೇಜು ತನ್ನದೇ ಧರ್ಮದರ್ಶಿ ಮಂಡಳಿ, ಅಧ್ಯಕ್ಷರು, ಅಧ್ಯಾಪಕರು, ದತ್ತಿನಿಧಿ ಮತ್ತು ಪಠ್ಯಕ್ರಮವನ್ನು ಹೊಂದಿತು. ಯಾವ ವಿದ್ಯಾರ್ಥಿಗೆ ಪ್ರವೇಶ ನೀಡಬೇಕು, ಯಾವ ಪದವಿಯನ್ನು ಪ್ರದಾನ ಮಾಡಬೇಕು ಎಂಬುದನ್ನು ಆಯಾ ಕಾಲೇಜೇ ತೀರ್ಮಾನಿಸುತ್ತಿತ್ತು. ಕೇಂದ್ರ ಸಂಸ್ಥೆಯು ಮುಂದಿನ ಕಾಲೇಜುಗಳಿಗಾಗಿ ಭೂಮಿಯನ್ನು ಹಿಡಿದಿಟ್ಟುಕೊಳ್ಳುವುದು, ಸ್ನಾತಕೋತ್ತರ ಶಿಕ್ಷಣವನ್ನು ನಡೆಸುವುದು ಮತ್ತು ಎಲ್ಲ ಕಾಲೇಜುಗಳಿಗೆ ಬೇಕಾದ ಸಮಾನ ಸೌಲಭ್ಯಗಳನ್ನು ಬೆಳೆಸುವುದು ಎಂಬ ಕರ್ತವ್ಯಗಳನ್ನು ವಹಿಸಿಕೊಂಡಿತು.

ಭಾರತದ ವಿಶ್ವವಿದ್ಯಾಲಯಗಳ ಸಂಯೋಜನೆ ಪದ್ಧತಿಗಿಂತ ಇದು ಭಿನ್ನವಾದುದು. ಸಂಯೋಜಿತ ಕಾಲೇಜುಗಳಲ್ಲಿ ಪಠ್ಯಕ್ರಮ, ಪರೀಕ್ಷೆ ಮತ್ತು ಪದವಿಗಳು ವಿಶ್ವವಿದ್ಯಾಲಯಕ್ಕೆ ಸೇರಿರುತ್ತವೆ. ಬೋಧನೆ ಮಾತ್ರ ಕಾಲೇಜಿನದು. ಕ್ಲೇರ್‌ಮಾಂಟ್ ವ್ಯವಸ್ಥೆಯಲ್ಲಿ ಪಠ್ಯಕ್ರಮವೂ ಪದವಿಯೂ ಕಾಲೇಜಿನದೇ ಆಗಿದ್ದು, ಕಟ್ಟಡ, ಗ್ರಂಥಗಳು ಮತ್ತು ಸೇವೆಗಳಂತಹ ದುಬಾರಿ ಅಗತ್ಯಗಳು ಮಾತ್ರ ಸಾಮೂಹಿಕವಾಗಿರುತ್ತವೆ.

ಸ್ಕ್ರಿಪ್ಸ್ ಕಾಲೇಜು

ಗುಂಪಿನ ಮೊದಲ ಹೊಸ ಸ್ನಾತಕ ಕಾಲೇಜಾದ ಸ್ಕ್ರಿಪ್ಸ್ ಮಹಿಳಾ ಕಾಲೇಜು 1926ರಲ್ಲಿ ಸ್ಥಾಪನೆಯಾಗಿ, 1927ರ ಶರತ್ಕಾಲದಲ್ಲಿ ಮೊದಲ ವಿದ್ಯಾರ್ಥಿನಿಯರನ್ನು ಬರಮಾಡಿಕೊಂಡಿತು. ಅದುವರೆಗೆ ಪೊಮೋನಾ ಕಾಲೇಜಿನಲ್ಲಿದ್ದ ಅರ್ನೆಸ್ಟ್ ಜಾಕ್ವಾ ಇದರ ಮೊದಲ ಅಧ್ಯಕ್ಷರಾದರು. ಕಾಲೇಜಿನ ಕಟ್ಟಡಗಳನ್ನು ವಾಸ್ತುಶಿಲ್ಪಿ ಗಾರ್ಡನ್ ಕಾಫ್‌ಮನ್ ಅವರೂ, ಉದ್ಯಾನಗಳನ್ನು ಎಡ್ವರ್ಡ್ ಹಂಟ್ಸ್‌ಮನ್ ಟ್ರೌಟ್ ಅವರೂ ವಿನ್ಯಾಸಗೊಳಿಸಿದರು. ದೊಡ್ಡ ಹಾಸ್ಟೆಲ್‌ಗಳಿಗೆ ಬದಲಾಗಿ ಅಂಗಳಗಳನ್ನೊಳಗೊಂಡ, ಮನೆಯನ್ನು ಹೋಲುವ ಚಿಕ್ಕ ವಸತಿಗೃಹಗಳನ್ನು ಕಟ್ಟಲಾಯಿತು. ತತ್ತ್ವಶಾಸ್ತ್ರಜ್ಞ ಹಾರ್ಟ್ಲಿ ಬರ್ ಅಲೆಕ್ಸಾಂಡರ್ ಅವರ ನೇತೃತ್ವದಲ್ಲಿ ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರ ಮತ್ತು ಕಲೆಗಳನ್ನು ಒಂದೇ ಎಳೆಯಲ್ಲಿ ಕಲಿಸುವ ಮಾನವಿಕ ಪಠ್ಯಕ್ರಮವು ರೂಪುಗೊಂಡಿತು. ಮೊದಲ ತಂಡದ ವಿದ್ಯಾರ್ಥಿನಿಯರು 1931ರಲ್ಲಿ ಪದವಿ ಪಡೆದರು.

ಹೊಸದಾಗಿ ಹುಟ್ಟಿದ ಒಂದು ಮಹಿಳಾ ಕಾಲೇಜು ಒಂಟಿಯಾಗಿ ನಿಂತಿದ್ದರೆ ಗ್ರಂಥಾಲಯದಿಂದ ಹಿಡಿದು ಪ್ರಯೋಗಾಲಯದವರೆಗೆ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಗಿತ್ತು. ಪೊಮೋನಾದ ವಿಭಾಗವಾಗಿ ಸೇರಿದ್ದರೆ ಈ ಸೌಲಭ್ಯಗಳು ದೊರೆಯುತ್ತಿದ್ದವು, ಆದರೆ ತನ್ನದೇ ಪಠ್ಯಕ್ರಮವನ್ನು ರೂಪಿಸುವ ಅಧಿಕಾರ ಇಲ್ಲವಾಗುತ್ತಿತ್ತು. ಒಕ್ಕೂಟದ ಏರ್ಪಾಡಿನಿಂದ ಈ ಎರಡು ತೊಂದರೆಗಳಿಂದಲೂ ಪಾರಾಗಲು ಸಾಧ್ಯವಾಯಿತು. ತಮ್ಮ ಹೆಸರಿನ ಕಾಲೇಜಿನ ದಿನನಿತ್ಯದ ಆಡಳಿತವನ್ನು ಎಲೆನ್ ಅವರು ಧರ್ಮದರ್ಶಿಗಳಿಗೂ ಅಧ್ಯಾಪಕರಿಗೂ ಬಿಟ್ಟುಕೊಟ್ಟರು. ಶಿಕ್ಷಣದ ಉದ್ದೇಶದ ಬಗ್ಗೆ ಅವರು ವ್ಯಕ್ತಪಡಿಸಿದ ಆಶಯವನ್ನು ಕಾಲೇಜಿನ ಆವರಣದಲ್ಲಿ ಕೆತ್ತಲಾಗಿದೆ.

1926ರ ಫೆಬ್ರವರಿ 22ರ ಟೈಮ್ ವಾರಪತ್ರಿಕೆಯು ತನ್ನ ಮುಖಪುಟದಲ್ಲಿ ಎಲೆನ್ ಅವರ ಚಿತ್ರವನ್ನು ಪ್ರಕಟಿಸಿತು. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ಎಡ್ವರ್ಡ್ ಸ್ಕ್ರಿಪ್ಸ್ ಅವರು ಆಫ್ರಿಕಾದ ಲೈಬೀರಿಯಾ ತೀರದ ಬಳಿ ತಮ್ಮ ಹಡಗಿನಲ್ಲಿ ನಿಧನರಾದರು.

ನಿಧನ

ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್ ಅವರು 1932ರ ಆಗಸ್ಟ್ 3ರಂದು ಲಾ ಹೋಯಾದ ತಮ್ಮ ಮನೆಯಲ್ಲಿ, 95ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಅಸ್ಥಿಯನ್ನು ಪೆಸಿಫಿಕ್ ಸಾಗರದಲ್ಲಿ ವಿಸರ್ಜಿಸಲಾಯಿತು. ತಾವು ಬದುಕಿದ್ದಾಗಲೇ ಸಂಪತ್ತಿನ ಬಹುಭಾಗವನ್ನು ಕೊಟ್ಟುಬಿಟ್ಟಿದ್ದ ಅವರು, ಉಳಿದುದರಲ್ಲಿಯೂ ಹಲವು ಸಂಸ್ಥೆಗಳಿಗೆ ಮರಣಶಾಸನದ ಮೂಲಕ ಪಾಲನ್ನು ನೀಡಿದರು. ಅವರ ಪತ್ರಗಳು ಮತ್ತು ದಿನಚರಿಗಳನ್ನು ಸ್ಕ್ರಿಪ್ಸ್ ಕಾಲೇಜಿನ ಡೆನಿಸನ್ ಗ್ರಂಥಾಲಯದಲ್ಲಿ ಸಂರಕ್ಷಿಸಲಾಗಿದೆ.

ಒಕ್ಕೂಟದ ನಂತರದ ಬೆಳವಣಿಗೆ

ಎಲೆನ್ ಅವರ ಮರಣದ ವೇಳೆಗೆ ಗುಂಪಿನಲ್ಲಿ ಪೊಮೋನಾ ಮತ್ತು ಸ್ಕ್ರಿಪ್ಸ್ ಎಂಬ ಎರಡು ಸ್ನಾತಕ ಕಾಲೇಜುಗಳು ಮತ್ತು ಸ್ನಾತಕೋತ್ತರ ಸಂಸ್ಥೆ ಮಾತ್ರ ಇದ್ದವು. ಆರ್ಥಿಕ ಮಹಾಕುಸಿತ ಮತ್ತು ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಹೊಸ ಕಾಲೇಜು ಬರಲಿಲ್ಲ. ಸುಮಾರು ಎರಡು ದಶಕಗಳ ಕಾಲ ಕಾಯ್ದಿರಿಸಿದ ಭೂಮಿ ಖಾಲಿಯಾಗಿಯೇ ಉಳಿಯಿತು. ಯುದ್ಧ ಮುಗಿದ ನಂತರ ಅದು ಉಪಯೋಗಕ್ಕೆ ಬಂದಿತು. ಸೈನ್ಯದಿಂದ ಮರಳಿದವರು ದೊಡ್ಡ ಸಂಖ್ಯೆಯಲ್ಲಿ ಕಾಲೇಜುಗಳತ್ತ ಬಂದಾಗ, 1946ರಲ್ಲಿ ಕ್ಲೇರ್‌ಮಾಂಟ್ ಪುರುಷರ ಕಾಲೇಜು ಆರಂಭವಾಯಿತು. ಇದು 1976ರಲ್ಲಿ ಮಹಿಳೆಯರಿಗೂ ಪ್ರವೇಶ ನೀಡಿ, 1981ರಲ್ಲಿ ಕ್ಲೇರ್‌ಮಾಂಟ್ ಮೆಕೆನಾ ಕಾಲೇಜು ಎಂಬ ಹೆಸರನ್ನು ಪಡೆಯಿತು. ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಷಯಗಳಿಗೆ ಮೀಸಲಾದ ಹಾರ್ವೆ ಮಡ್ ಕಾಲೇಜು 1955ರಲ್ಲಿಯೂ, ಸಮಾಜ ವಿಜ್ಞಾನಗಳಿಗೆ ಒತ್ತು ನೀಡುವ ಪಿಟ್ಜರ್ ಕಾಲೇಜು 1963ರಲ್ಲಿಯೂ ಸ್ಥಾಪನೆಯಾದವು. 1997ರಲ್ಲಿ ಅನ್ವಯಿಕ ಜೀವವಿಜ್ಞಾನಗಳ ಕೆಕ್ ಸ್ನಾತಕೋತ್ತರ ಸಂಸ್ಥೆಯು ಸೇರಿದಾಗ ಸದಸ್ಯರ ಸಂಖ್ಯೆ ಏಳಕ್ಕೆ ಏರಿತು. ಇವುಗಳಲ್ಲಿ ಐದು ಸ್ನಾತಕ ಕಾಲೇಜುಗಳು ಒಂದಕ್ಕೊಂದು ಹೊಂದಿಕೊಂಡಿದ್ದು, ವಿದ್ಯಾರ್ಥಿಗಳು ನಡೆದುಕೊಂಡೇ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾಗಿದೆ.

ಹಂಚಿಕೆಯ ವಿಧಾನಗಳು ಕಾಲಕ್ರಮದಲ್ಲಿ ವಿಸ್ತರಿಸಿದವು. ಎಲ್ಲ ಕಾಲೇಜುಗಳ ಬಳಕೆಗಾಗಿ ಹೊನ್ನೋಲ್ಡ್ ಗ್ರಂಥಾಲಯವು 1952ರಲ್ಲಿ ತೆರೆಯಿತು. ಒಂದು ಕಾಲೇಜಿನ ವಿದ್ಯಾರ್ಥಿಯು ಇನ್ನೊಂದು ಕಾಲೇಜಿನ ತರಗತಿಗೆ ನೋಂದಾಯಿಸಿಕೊಂಡು, ಅದರ ಅಂಕಗಳನ್ನು ತನ್ನ ಪದವಿಗೆ ಸೇರಿಸಿಕೊಳ್ಳಬಹುದು. ಕೆಲವೇ ವಿದ್ಯಾರ್ಥಿಗಳು ಆರಿಸಿಕೊಳ್ಳುವ ಭಾಷೆ ಅಥವಾ ವಿಷಯವನ್ನು ಐದು ಕಾಲೇಜುಗಳೂ ಪ್ರತ್ಯೇಕವಾಗಿ ಕಲಿಸಬೇಕಾದ ಅಗತ್ಯ ಇದರಿಂದ ತಪ್ಪುತ್ತದೆ. ಆರೋಗ್ಯ ಸೇವೆ, ಆವರಣದ ಭದ್ರತೆ, ಗ್ರಂಥಾಲಯದಂತಹ ಕೆಲಸಗಳು ಸಾಮೂಹಿಕವಾಗಿ ನಡೆಯುತ್ತವೆ. ಒಂದು ಕಾಲೇಜಿನವರು ಇನ್ನೊಂದರ ಭೋಜನಶಾಲೆಯಲ್ಲಿ ಊಟ ಮಾಡಬಹುದು. ಕ್ರೀಡೆಯಲ್ಲಿ ಪೊಮೋನಾ ಮತ್ತು ಪಿಟ್ಜರ್ ಒಂದು ತಂಡವಾಗಿಯೂ, ಉಳಿದ ಮೂರು ಕಾಲೇಜುಗಳು ಇನ್ನೊಂದು ತಂಡವಾಗಿಯೂ ಸ್ಪರ್ಧಿಸುತ್ತವೆ.

ಈ ವ್ಯವಸ್ಥೆಯಲ್ಲಿ ಘರ್ಷಣೆಗಳಿಗೂ ಎಡೆಯಿತ್ತು. ಕೇಂದ್ರ ಸಂಸ್ಥೆಗೆ ಎಷ್ಟು ಅಧಿಕಾರ ಇರಬೇಕು, ವೆಚ್ಚವನ್ನು ಯಾವ ಪ್ರಮಾಣದಲ್ಲಿ ಹಂಚಬೇಕು ಎಂಬ ಪ್ರಶ್ನೆಗಳು ಹೊಸ ಸದಸ್ಯರು ಸೇರಿದಂತೆಲ್ಲ ಮರುಚರ್ಚೆಗೆ ಒಳಗಾದವು. ಸ್ನಾತಕೋತ್ತರ ಶಿಕ್ಷಣವನ್ನು ನಡೆಸುವ ಸಂಸ್ಥೆಯೇ ಎಲ್ಲರಿಗೂ ಸೇವೆಗಳನ್ನು ಒದಗಿಸುವ ಹೊಣೆಯನ್ನೂ ಹೊತ್ತಿದ್ದರಿಂದ, ಅದು ಸದಸ್ಯನೂ ಮೇಲ್ವಿಚಾರಕನೂ ಆಗಿರುವ ಸಂದಿಗ್ಧ ಉಂಟಾಗಿತ್ತು. 2000ನೇ ಇಸವಿಯಲ್ಲಿ ಈ ಎರಡು ಕಾರ್ಯಗಳನ್ನು ಬೇರ್ಪಡಿಸಿ, ಸೇವೆಗಳಿಗಾಗಿಯೇ ಪ್ರತ್ಯೇಕ ಸಂಸ್ಥೆಯನ್ನು ರಚಿಸಲಾಯಿತು.

ಪರಂಪರೆ

ಕ್ಲೇರ್‌ಮಾಂಟ್ ಪ್ರಯೋಗದ ನಂತರ ಅಮೆರಿಕದ ಇತರ ಭಾಗಗಳಲ್ಲಿಯೂ ಕಾಲೇಜುಗಳ ಸಹಕಾರ ವ್ಯವಸ್ಥೆಗಳು ಕಾಣಿಸಿಕೊಂಡವು. 1929ರಲ್ಲಿ ಅಟ್ಲಾಂಟಾ ನಗರದ ಕಪ್ಪು ಜನಾಂಗದ ಶಿಕ್ಷಣ ಸಂಸ್ಥೆಗಳಾದ ಅಟ್ಲಾಂಟಾ ವಿಶ್ವವಿದ್ಯಾಲಯ, ಮೋರ್‌ಹೌಸ್ ಮತ್ತು ಸ್ಪೆಲ್‌ಮನ್ ಕಾಲೇಜುಗಳು ಪರಸ್ಪರ ಒಪ್ಪಂದಕ್ಕೆ ಬಂದವು. ಮ್ಯಾಸಚೂಸೆಟ್ಸ್ ರಾಜ್ಯದ ಐದು ಕಾಲೇಜುಗಳ ಒಕ್ಕೂಟವು 1965ರಲ್ಲಿ ನೋಂದಣಿಯಾಯಿತು. 1958ರಲ್ಲಿ ಮಧ್ಯಪಶ್ಚಿಮದ ಸಣ್ಣ ಕಾಲೇಜುಗಳು ದೂರದ ಊರುಗಳಲ್ಲಿದ್ದರೂ ಸಂಘವೊಂದನ್ನು ರಚಿಸಿಕೊಂಡವು. ಎಲೆನ್ ಸ್ಕ್ರಿಪ್ಸ್ ಅವರು ಕಲಿತ ನಾಕ್ಸ್ ಕಾಲೇಜು ಮತ್ತು ಜೇಮ್ಸ್ ಬ್ಲೇಸ್‌ಡೆಲ್ ಅವರು ಕಲಿತ ಬೆಲಾಯಿಟ್ ಕಾಲೇಜು ಎರಡೂ ಈ ಸಂಘದ ಸ್ಥಾಪಕ ಸದಸ್ಯರಲ್ಲಿ ಸೇರಿವೆ.

ಸ್ಕ್ರಿಪ್ಸ್ ಕಾಲೇಜು ಇಂದಿಗೂ ಮಹಿಳಾ ಕಾಲೇಜಾಗಿಯೇ ಮುಂದುವರಿದಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಅನೇಕ ಮಹಿಳಾ ಕಾಲೇಜುಗಳು ಮುಚ್ಚಿಹೋದವು ಅಥವಾ ಸಹಶಿಕ್ಷಣಕ್ಕೆ ಬದಲಾದವು. ನೆರೆಯ ನಾಲ್ಕು ಸಹಶಿಕ್ಷಣ ಕಾಲೇಜುಗಳ ತರಗತಿಗಳೂ ಗ್ರಂಥಗಳೂ ತನ್ನ ವಿದ್ಯಾರ್ಥಿನಿಯರಿಗೆ ದೊರೆಯುವುದು ಸ್ಕ್ರಿಪ್ಸ್ ಕಾಲೇಜಿಗೆ ಇರುವ ವಿಶೇಷ ಅನುಕೂಲವಾಗಿದೆ.